ಸೀಸೆಯೊಳಗೊಂದು ಪ್ರಯೋಗಾಲಯ: ಕುಡಿಯುವ ನೀರನ್ನು ನಾವೇ ಪರೀಕ್ಷಿಸೋಣ

"ನೀರು ಕನ್ನಡಿ ಹಾಗಿದೆ, ಇದಕ್ಕೆಂಥ ಪರೀಕ್ಷೆ?" ಎಂದು ಸಂಘದ ಸಭೆಗಳಲ್ಲಿ ಅನೇಕರು ಕೇಳುತ್ತಾರೆ. ಹೊಳೆನರಸೀಪುರ, ಅರಕಲಗೂಡಿನ ಹೊಳೆ ನೀರಾಗಲಿ, ಹಾಸನ, ಚನ್ನರಾಯಪಟ್ಟಣದ ಬೋರ್‌ವೆಲ್ ನೀರಾಗಲಿ, ತಿಳಿಯಾಗಿ ಕಂಡ ಮಾತ್ರಕ್ಕೆ ಶುದ್ಧವಲ್ಲ. ಕಾಲರಾ, ಟೈಫಾಯ್ಡ್, ವಾಂತಿ-ಭೇದಿ ತರುವ ಬ್ಯಾಕ್ಟೀರಿಯಾ ಕಣ್ಣಿಗೆ ಕಾಣಲ್ಲ, ರುಚಿಯಲ್ಲೂ ಗೊತ್ತಾಗಲ್ಲ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಹಲವರು ಪ್ರಾಣ ಕಳೆದುಕೊಂಡದ್ದನ್ನು ಮರೆಯುವಂತಿಲ್ಲ.

ಎಚ್‌2ಎಸ್ ಸೀಸೆ ಎಂದರೇನು?

ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ಮಂಜ, ಮೌರ್ಯ ಮತ್ತು ರಾವ್ ಎಂಬ ವಿಜ್ಞಾನಿಗಳು 1982ರಲ್ಲಿ ಈ ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಸೀಸೆಯೊಳಗೆ ಬ್ಯಾಕ್ಟೀರಿಯಾಕ್ಕೆ ಬೇಕಾದ ಆಹಾರ ಮತ್ತು ಕಬ್ಬಿಣದ ಲವಣ ಇರುತ್ತದೆ. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾ ಆ ಆಹಾರ ತಿಂದು ಬೆಳೆದು ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುತ್ತವೆ. ಅದು ಕಬ್ಬಿಣದ ಜೊತೆ ಸೇರಿದರೆ ನೀರು ಕಪ್ಪಾಗುತ್ತದೆ.

ಮಾಡುವ ವಿಧಾನ

1. ಸೋಪಿನಿಂದ ಕೈ ತೊಳೆಯಿರಿ. ನಲ್ಲಿಯಾದರೆ ಎರಡು ನಿಮಿಷ ನೀರು ಹರಿಯಬಿಡಿ.
2. ಮುಚ್ಚಳದ ಒಳಭಾಗ ಮುಟ್ಟದೆ, ಗುರುತಿನವರೆಗೆ ನೀರು ತುಂಬಿ ಮುಚ್ಚಿ.
3. ಊರು, ನೀರಿನ ಮೂಲ, ದಿನಾಂಕ, ಸಮಯ ಬರೆದು ಬೆಚ್ಚಗಿನ ಜಾಗದಲ್ಲಿಡಿ.
4. 24 ಗಂಟೆಗೆ ಒಮ್ಮೆ, 48 ಗಂಟೆಗೆ ಮತ್ತೊಮ್ಮೆ ನೋಡಿ.

ಹಾಲಿಗೆ ಹೆಪ್ಪು ಹಾಕಿದ ಹಾಗೆಯೇ ಇದು. ಚಳಿಗಾಲದಲ್ಲಿ ಮೊಸರು ತಡವಾಗಿ ಆಗುವಂತೆ, ತಣ್ಣಗಿನ ಜಾಗದಲ್ಲಿ ಸೀಸೆಯೂ ತಡವಾಗಿ ಕಪ್ಪಾಗುತ್ತದೆ. ಅವಸರಪಟ್ಟು "ನೀರು ಚೆನ್ನಾಗಿದೆ" ಅನ್ನಬೇಡಿ.

ಹೊಸ ಚಿಪ್‌ಗಳು

ಈ ಕಾಯುವಿಕೆ ತಪ್ಪಿಸಲು ವಿಜ್ಞಾನಿಗಳು ಬೆಂಕಿಪೊಟ್ಟಣದಷ್ಟು ಚಿಕ್ಕ ಪ್ರಯೋಗಾಲಯಗಳನ್ನು ರೂಪಿಸುತ್ತಿದ್ದಾರೆ. ಗಾಜು ಅಥವಾ ಪ್ಲಾಸ್ಟಿಕ್ ತುಂಡಿನಲ್ಲಿ ಕೂದಲೆಳೆಯಂಥ ಕಾಲುವೆಗಳಿದ್ದು, ಅಲ್ಲಿ ಬ್ಯಾಕ್ಟೀರಿಯಾವನ್ನೋ ಅದರ ಡಿಎನ್‌ಎಯನ್ನೋ ಕೆಲವೇ ಗಂಟೆಗಳಲ್ಲಿ ಗುರುತಿಸಬಹುದು. ಆದರೆ ಒಂದು ತೊಡಕಿದೆ. ನಿಯಮದ ಪ್ರಕಾರ 100 ಮಿ.ಲೀ. ಕುಡಿಯುವ ನೀರಿನಲ್ಲಿ ಒಂದೇ ಒಂದು ಇ-ಕೊಲೈ ಕೂಡ ಇರಬಾರದು. ಚಿಪ್ ಹಿಡಿಯುವುದು ಒಂದೆರಡು ಹನಿ ಮಾತ್ರ! ಹಾಗಾಗಿ ಮೊದಲು ಹೆಚ್ಚು ನೀರನ್ನು ಸೋಸಿ ಬ್ಯಾಕ್ಟೀರಿಯಾವನ್ನು ಒಟ್ಟುಗೂಡಿಸಬೇಕು. ಸದ್ಯಕ್ಕೆ ಹಳ್ಳಿಯ ಕೈಗೆ ಎಟುಕುವುದು ಸೀಸೆಯೇ.

ಕಪ್ಪಾದರೆ ಏನು ಮಾಡಬೇಕು?

- ಆ ನೀರನ್ನು ಚೆನ್ನಾಗಿ ಕುದಿಸದೆ ಕುಡಿಯಬೇಡಿ. ಕೊತಕೊತ ಕುದಿ ಬಂದ ಮೇಲೂ ಒಂದು ನಿಮಿಷ ಬಿಡಿ.
- ನೀರುಗಂಟಿಗೆ, ಪಂಚಾಯಿತಿ ಪಿಡಿಒಗೆ ಕೂಡಲೇ ತಿಳಿಸಿ. ಪೈಪು ಒಡೆದು ಚರಂಡಿ ನೀರು ಸೇರುತ್ತಿದೆಯೇ, ಟ್ಯಾಂಕು ತೊಳೆದಿದ್ದಾರೆಯೇ ನೋಡಿ.
- ಕ್ಲೋರಿನೇಷನ್ ಮಾಡಿಸಿ, ಮತ್ತೆ ಪರೀಕ್ಷಿಸಿ. ಜಿಲ್ಲಾ ಪ್ರಯೋಗಾಲಯಕ್ಕೂ ಮಾದರಿ ಕಳಿಸಿ. ಕೆಲವು ಬೋರ್‌ವೆಲ್ ನೀರು ಗಂಧಕದ ಅಂಶದಿಂದಲೂ ಕಪ್ಪಾಗಬಹುದು.
- ಕಪ್ಪಾದ ಸೀಸೆಯಲ್ಲಿ ರೋಗಾಣು ತುಂಬಿರುತ್ತವೆ. ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗುಂಡಿಗೆ ಸುರಿಯಿರಿ. ಮಕ್ಕಳ ಕೈಗೆ ಸಿಗದಿರಲಿ.

ಕಪ್ಪಾಗದಿದ್ದರೆ ಎಲ್ಲವೂ ಸರಿ ಎಂದಲ್ಲ. ಕಾಮಾಲೆ ತರುವ ವೈರಸ್, ಫ್ಲೋರೈಡ್, ನೈಟ್ರೇಟ್ ಈ ಸೀಸೆಗೆ ಸಿಗುವುದಿಲ್ಲ.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಪ್ರಕಾರ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಸಿಗಬೇಕು. ನಿಮ್ಮೂರಿನ ಆ ಐವರು ಯಾರು? ಗೊತ್ತಿಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಮತ್ತೊಮ್ಮೆ ನಿಮ್ಮ ನೀರನ್ನು ಪರೀಕ್ಷಿಸಿ. ಮಗು ಆಸ್ಪತ್ರೆ ಸೇರಿದ ಮೇಲೆ ಗೊತ್ತಾಗುವುದಕ್ಕಿಂತ, ಸೀಸೆ ಕಪ್ಪಾದಾಗಲೇ ಗೊತ್ತಾಗುವುದು ಮೇಲಲ್ಲವೇ?