ಗ್ಲಾಮರ್ ಅಂದರೆ ವ್ಯಾಕರಣ!

ಮೊದಲ ಸಲ ಓದಿದಾಗ ನಂಬಲಿಲ್ಲ. ಎರಡನೇ ನಿಘಂಟು ತೆಗೆದೆ, ಮೂರನೆಯದನ್ನೂ ತೆಗೆದೆ. ಎಲ್ಲದರಲ್ಲೂ ಅದೇ ಮಾತು! ನಮ್ಮ ಸಿನಿಮಾ ಪುಟಗಳು ಬೆಳಗಾದರೆ ಬಳಸುವ ‘ಗ್ಲಾಮರ್’ ಎಂಬ ಪದ, ನಾವೆಲ್ಲ ಶಾಲೆಯಲ್ಲಿ ಬೆವರು ಸುರಿಸಿ ಕಲಿತ ‘ಗ್ರಾಮರ್’ ಪದದ ಇನ್ನೊಂದು ರೂಪ. ಅಕ್ಷರ ಬಲ್ಲವರೇ ಅಪರೂಪವಾಗಿದ್ದ ಕಾಲದಲ್ಲಿ ಗ್ರಾಮರ್ ಅಂದರೆ ಪುಸ್ತಕದ ವಿದ್ಯೆ. ಪುಸ್ತಕ ಬಲ್ಲವನು ಮಾಟಮಂತ್ರವನ್ನೂ ಬಲ್ಲ ಎಂಬುದು ಜನರ ನಂಬಿಕೆ. ಸ್ಕಾಟ್ಲೆಂಡಿನ ಜನರ ನಾಲಿಗೆಯ ಮೇಲೆ ರಕಾರ ಲಕಾರವಾಯಿತು, ಗ್ರಾಮರ್ ಹೋಗಿ ಗ್ಲಾಮರ್ ಆಯಿತು. ಅರ್ಥ? ಕಣ್ಕಟ್ಟು! ಇದ್ದದ್ದನ್ನು ಮರೆಸಿ ಇಲ್ಲದ್ದನ್ನು ತೋರಿಸುವ ಮೋಡಿ. ಅದನ್ನು ವಾಲ್ಟರ್ ಸ್ಕಾಟ್ ತನ್ನ ಬರಹಗಳ ಮೂಲಕ ಇಂಗ್ಲಿಷ್ ಓದುಗರಿಗೆ ದಾಟಿಸಿದ. ಅಲ್ಲಿಂದ ಅದು ಹಾಲಿವುಡ್ ಸೇರಿತು, ನಮ್ಮ ಗಾಂಧಿನಗರಕ್ಕೂ ಬಂತು.

ಅವತ್ತಿನಿಂದ ನನಗೆ ಪೇಪರ್ ಓದುವುದೇ ಬೇರೆ ಥರ ಆಗಿಬಿಟ್ಟಿದೆ. ಮುಖಪುಟದಲ್ಲಿ ‘ರೇಡ್’ ಸುದ್ದಿ. ಕುದುರೆ ಸವಾರಿ ಎಂಬ ಅರ್ಥದ ಒಂದು ಹಳೆಯ ಪದವಿತ್ತು. ದಕ್ಷಿಣದ ಇಂಗ್ಲಿಷರ ಬಾಯಲ್ಲಿ ಅದು ‘ರೋಡ್’ ಆಯಿತು, ಸ್ಕಾಟರ ಬಾಯಲ್ಲಿ ‘ರೇಡ್’ ಆಗಿ, ಕುದುರೆಯೇರಿ ನುಗ್ಗುವ ದಾಳಿಯಾಯಿತು. ಒಳಪುಟದಲ್ಲಿ ಚುನಾವಣೆಯ ‘ಸ್ಲೋಗನ್’. ಅದು ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಗೇಲಿಕ್ ಭಾಷೆಯದು: ದಂಡು ಕೂಗುವ ಕೂಗು, ರಣಘೋಷ. ಇನ್ನು ‘ಬ್ಲ್ಯಾಕ್‌ಮೇಲ್’! ಅದರಲ್ಲಿರುವ ‘ಮೇಲ್’ಗೂ ಅಂಚೆಗೂ ಸಂಬಂಧವೇ ಇಲ್ಲ. ಸ್ಕಾಟ್ಸ್ ಭಾಷೆಯಲ್ಲಿ ‘ಮೇಲ್’ ಅಂದರೆ ಗೇಣಿ, ಕಂದಾಯ. 16ನೇ ಶತಮಾನದಲ್ಲಿ ಇಂಗ್ಲೆಂಡ್-ಸ್ಕಾಟ್ಲೆಂಡ್ ಗಡಿಯಲ್ಲಿ ರಾತ್ರೋರಾತ್ರಿ ಬಂದು ದನ ಹೊಡೆದುಕೊಂಡು ಹೋಗುವ ಸವಾರರ ಗುಂಪುಗಳಿದ್ದವು. ‘ನಮ್ಮ ಕೊಟ್ಟಿಗೆಯ ತಂಟೆಗೆ ಬರಬೇಡಿ’ ಎಂದು ರೈತರು ಅವರಿಗೆ ಕೊಡುತ್ತಿದ್ದ ಕಾಣಿಕೆಯೇ ಬ್ಲ್ಯಾಕ್‌ಮೇಲ್. ಕನ್ನಡದಲ್ಲಿ ಹೇಳಿ ನೋಡಿ, ಕಪ್ಪು ಕಪ್ಪ. ಎಷ್ಟು ಚೆನ್ನಾಗಿ ಕೂತಿತು!

ಹಾಗಾದರೆ ಸ್ಕಾಟರು ಆಡುವುದು ಯಾವ ಭಾಷೆ? ಇಂಗ್ಲಿಷನ್ನೇ ಮುರಿದು ಮುದ್ದೆ ಮಾಡಿ ಆಡುತ್ತಾರೆ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲವೇ ಅಲ್ಲ. 7ನೇ ಶತಮಾನದಲ್ಲಿ ನಾರ್ತಂಬ್ರಿಯಾದ ಆಂಗ್ಲರು ಉತ್ತರಕ್ಕೆ ಹಬ್ಬಿ, ಇವತ್ತಿನ ಎಡಿನ್‌ಬರೊ ಸುತ್ತಲಿನ ಸೀಮೆಯಲ್ಲಿ ನೆಲೆ ನಿಂತರು. ಅವರ ಮಾತು ಅಲ್ಲೇ ಬೇರೂರಿ, ತನ್ನದೇ ದಾರಿಯಲ್ಲಿ ಬೆಳೆದು ಸ್ಕಾಟ್ಸ್ ಆಯಿತು. ರಾಜನ ಆಸ್ಥಾನದ ಭಾಷೆಯೂ ಆಯಿತು. ಅದು ಇಂಗ್ಲಿಷಿನ ಮಗಳಲ್ಲ, ಒಡಹುಟ್ಟು. ಊರಿಗೆ ‘ಟೂನ್’, ಇಲಿಗೆ ‘ಮೂಸ್’, ಹಸುವಿಗೆ ‘ಕೂ’ ಎಂದರೆ ಹಳ್ಳಿಗರ ಒರಟು ಉಚ್ಚಾರಣೆ ಎಂದು ನಕ್ಕವರುಂಟು. ಆದರೆ ಒಂದು ಕಾಲಕ್ಕೆ ಲಂಡನ್ನಿನವರೂ ಹಾಗೇ ಅನ್ನುತ್ತಿದ್ದರು! ಆಮೇಲೆ ‘ಟೌನ್’, ‘ಮೌಸ್’, ‘ಕೌ’ ಎಂದು ಬದಲಿಸಿಕೊಂಡವರು ಅವರು. ಹಳೆಯ ಸ್ವರವನ್ನು ಕಾಪಾಡಿಕೊಂಡು ಬಂದವರು ಸ್ಕಾಟರು.

ನನ್ನ ಅಕ್ಕನ ಮಗಳು ಓದಲೆಂದು ಅಬರ್ಡೀನಿಗೆ ಹೋದ ಮೇಲೆ ಈ ಲೋಕ ನನ್ನ ಮನೆಯೊಳಗೇ ಬಂತು. ಮೊದಲ ವಾರವೇ ಫೋನು. “ಚಿಕ್ಕಮ್ಮಾ, ಬೇಕರಿಗೆ ಹೋಗಿದ್ದೆ. ಇಲ್ಲಿ ರೋವಿ ಅಂತ ಒಂದು ಬನ್ ಸಿಗತ್ತೆ, ಚಪ್ಪಟೆಯಾಗಿ, ಉಪ್ಪುಪ್ಪಾಗಿ. ಅಂಗಡಿಯಮ್ಮ ನನ್ನ ನೋಡಿ ‘ಫಿಟ್ ಲೈಕ್, ಕ್ವೈನ್?’ ಅಂದ್ರು. ನನ್ನ ಆರೋಗ್ಯ ವಿಚಾರಿಸ್ತಿದಾರೆ ಅಂದ್ಕೊಂಡು ‘ಯೆಸ್, ಫಿಟ್’ ಅಂದೆ!”

ಪೂರ್ತಿ ತಪ್ಪಲ್ಲ, ಅದೂ ಕುಶಲಪ್ರಶ್ನೆಯೇ. ಆದರೆ ಆ ‘ಫಿಟ್’ ಅಂದರೆ ‘ಏನು’! ಆ ಈಶಾನ್ಯ ಸೀಮೆಯ ನುಡಿಗೆ ಡೋರಿಕ್ ಎಂದು ಹೆಸರು. ಇಂಗ್ಲಿಷಿನ ಪ್ರಶ್ನೆಪದಗಳ ಮೊದಲಿಗೆ ಬರುವ ಊದುದನಿ ಅಲ್ಲಿ ‘ಫ’ ಆಗಿದೆ, ನಮ್ಮ ಹಳಗನ್ನಡದ ಪಾಲ್ ಹಾಲಾದ ಹಾಗೆ. ಏನು ಅನ್ನಲು ಫಿಟ್, ಯಾರು ಅನ್ನಲು ಫಾ, ಎಲ್ಲಿ ಅನ್ನಲು ಫಾರ್, ಯಾವಾಗ ಅನ್ನಲು ಫ್ಯಾನ್, ಹೇಗೆ ಅನ್ನಲು ಫೂ. ಕ್ವೈನ್ ಅಂದರೆ ಹುಡುಗಿ, ಲೂನ್ ಅಂದರೆ ಹುಡುಗ. ಪಾದಕ್ಕೂ ಅಲ್ಲಿ ‘ಫಿಟ್’ ಎಂದೇ ಹೆಸರು. ಹಾಗಾಗಿ ಚಪ್ಪಲಿ ಅಂಗಡಿಯಲ್ಲಿ ‘ಯಾವ ಕಾಲಿನದು ಯಾವ ಕಾಲಿಗೆ ಸರಿಹೊಂದುತ್ತದೆ?’ ಎಂದು ಕೇಳಬೇಕಾದರೆ ಡೋರಿಕ್‌ನಲ್ಲಿ ಹೀಗೆ: ಫಿಟ್ ಫಿಟ್ ಫಿಟ್ಸ್ ಫಿಟ್ ಫಿಟ್? ಐದು ಪದ, ಪೂರ್ತಿ ವಾಕ್ಯ, ವ್ಯಾಕರಣದಲ್ಲಿ ಕೂದಲೆಳೆಯಷ್ಟೂ ಲೋಪವಿಲ್ಲ! ಇದನ್ನು ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

ಅವಳ ಫೋನಿನಲ್ಲಿ ಹವಾಮಾನದ ಸುದ್ದಿಯೂ ತಪ್ಪದು. ಮೋಡ ಕವಿದು, ಥಂಡಿ ಹಿಡಿದು, ಮನಸ್ಸೂ ಮಂಕಾಗುವ ದಿನಕ್ಕೆ ‘ಡ್ರೀಖ್’. ಕೊನೆಯ ಆ ಖಕಾರವನ್ನು ಗಂಟಲಲ್ಲಿ ಉಜ್ಜಿ ಹೊರಡಿಸಬೇಕು, ಆಗಲೇ ಅದರ ಬೇಸರ ಪೂರ್ತಿ ಕೇಳುವುದು. ಕೊಡೆ ಬಿಚ್ಚಲೋ ಬೇಡವೋ ಎನ್ನುವಂಥ, ಸೋನೆಗಿಂತ ನವಿರಾದ ತುಂತುರು ‘ಸ್ಮಿರ್’. ಪೂರ್ವ ಕರಾವಳಿಯಲ್ಲಿ ಸಮುದ್ರದಿಂದ ಎದ್ದು ಬಂದು ಊರನ್ನೇ ನುಂಗುವ ಮಂಜು ‘ಹಾರ್’. ಇನ್ನು ಹಿಮ! ಗ್ಲಾಸ್ಗೊ ವಿಶ್ವವಿದ್ಯಾಲಯದವರು ಸ್ಕಾಟ್ಸ್ ಭಾಷೆಯ ಅರ್ಥಕೋಶ ಕಟ್ಟುವಾಗ ಹಿಮಕ್ಕೆ ಸಂಬಂಧಿಸಿದ ಪದಗಳನ್ನು ಎಣಿಸಿ 2015ರಲ್ಲಿ ಲೆಕ್ಕ ಕೊಟ್ಟರು: 421. ಮೂಲೆ ತಿರುಗುವಲ್ಲಿ ಹಿಮ ಸುಳಿಸುಳಿಯಾಗಿ ಸುತ್ತುವುದಕ್ಕೇ ಒಂದು ಕ್ರಿಯಾಪದವಿದೆ, ‘ಫೀಫಲ್’. ದೊಡ್ಡದೊಂದು ಹಿಮದ ಹಳಕಿಗೆ ‘ಸ್ಕೆಲ್ಫ್’, ಸುಮ್ಮನೆ ಒಂದಿಷ್ಟು ಉದುರಿ ಹೋಗುವುದಕ್ಕೆ ‘ಫ್ಲಿಂಡ್ರಿಕಿನ್’. ಕಿಟಕಿಯ ಬಳಿ ನಿಂತು ಹಿಮವನ್ನು ಇಷ್ಟು ಹತ್ತಿರದಿಂದ ನೋಡಿದವರು ಯಾರೋ!

ಆದರೆ ನನ್ನನ್ನು ರಾತ್ರಿಯೆಲ್ಲ ನಿದ್ದೆಗೆಡಿಸಿದ್ದು ಹ್ರಸ್ವ-ದೀರ್ಘದ ಸಂಗತಿ. ‘ಬೇಕು’ ಎಂಬ ಅರ್ಥದ ಇಂಗ್ಲಿಷ್ ‘ನೀಡ್’ ಇದೆ. ‘ಮಂಡಿಯಿಂದ ಗುದ್ದಿದ’ ಎಂಬ ಅರ್ಥದ ‘ನೀಡ್’ ಕೂಡ ಇದೆ. ಲಂಡನ್ನಿನವರಿಗೆ ಎರಡೂ ಒಂದೇ ದನಿ. ಸ್ಕಾಟರ ಬಾಯಲ್ಲಿ ಮೊದಲನೆಯದು ಗಿಡ್ಡ, ‘ನಿಡ್’; ಎರಡನೆಯದು ಉದ್ದ, ‘ನೀಡ್’. ಮರಿಗಳ ಹಿಂಡು ‘ಬ್ರುಡ್’, ಕುದಿಸಿದ ಚಹಾ ‘ಬ್ರೂಡ್’. ಪದದ ಕೊನೆಯಲ್ಲಿ, ರಕಾರದ ಮುಂದೆ, ಜ಼, ವ ಥರದ ಉಜ್ಜುದನಿಗಳ ಮುಂದೆ ಸ್ವರ ಹಿಗ್ಗುತ್ತದೆ, ಉಳಿದೆಡೆ ಕುಗ್ಗುತ್ತದೆ. ಭೂತಕಾಲದ ಪ್ರತ್ಯಯ ಹತ್ತಿದರೂ ಆ ಹಿಗ್ಗು ಹಾಗೇ ಉಳಿಯುತ್ತದೆ. ಈ ನಿಯಮವನ್ನು ಬಿಡಿಸಿ ಹೇಳಿದವರು ಹಳೆಯ ಸ್ಕಾಟ್ಸ್ ನಿಘಂಟಿನ ಸಂಪಾದಕರಾಗಿದ್ದ ಎ.ಜೆ. ಏಟ್ಕೆನ್, ಅದಕ್ಕೆ ಅವರದೇ ಹೆಸರಿದೆ. ಇಂಗ್ಲಿಷ್ ಕಾಗುಣಿತ ಹಿಡಿದಿಡಲಾಗದ ಈ ವ್ಯತ್ಯಾಸವನ್ನು ನಮ್ಮ ಒಂದು ಗುಡಿಸು, ಒಂದು ದೀರ್ಘ ಸಲೀಸಾಗಿ ಬರೆದು ತೋರಿಸುತ್ತವೆ.

ಉತ್ತರದ ಶೆಟ್ಲೆಂಡ್ ದ್ವೀಪಗಳದ್ದು ಇನ್ನೊಂದೇ ಕತೆ. ಡೆನ್ಮಾರ್ಕ್-ನಾರ್ವೆಯ ದೊರೆ ಮಗಳ ವರದಕ್ಷಿಣೆ ಹೊಂದಿಸಲಾಗದೆ 1469ರಲ್ಲಿ ಆ ದ್ವೀಪಗಳನ್ನೇ ಸ್ಕಾಟ್ಲೆಂಡಿನ ರಾಜನಿಗೆ ಒತ್ತೆಯಿಟ್ಟ. ಬಿಡಿಸಿಕೊಳ್ಳಲು ಆಗಲೇ ಇಲ್ಲ. ಅಲ್ಲಿಯ ಹಳೆಯ ನಾರ್ನ್ ಭಾಷೆ ಸತ್ತರೂ ಅದರ ಪದಗಳು ಮಾತಿನೊಳಗೆ ಉಳಿದವು. ಇಂಗ್ಲಿಷ್ ಎಲ್ಲರನ್ನೂ ಒಂದೇ ‘ಯೂ’ ಎಂದು ಕರೆದರೆ, ಶೆಟ್ಲೆಂಡಿನಲ್ಲಿ ಆಪ್ತರಿಗೆ ‘ಡು’, ಹಿರಿಯರಿಗೆ ‘ಯೂ’. ನೀನು, ನೀವು!

ಇಷ್ಟೆಲ್ಲ ಸಂಪತ್ತಿಗೆ ನಾಚಿಕೊಂಡು ಬದುಕಿದ ಕಾಲವೂ ಇತ್ತು ಎಂಬುದು ಎದೆ ಹಿಂಡುತ್ತದೆ. 1707ರಲ್ಲಿ ಎರಡೂ ದೇಶಗಳ ಸಂಸತ್ತು ಒಂದಾದ ಮೇಲೆ ಲಂಡನ್ನಿನ ಮಾತೇ ಮಾತೆನಿಸಿತು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಅಂಥವರೇ ಬರಹದಲ್ಲಿ ನುಸುಳಬಾರದ ಸ್ಕಾಟ್ ಪ್ರಯೋಗಗಳ ಪಟ್ಟಿ ಮಾಡಿದರು. 1761ರಲ್ಲಿ ಎಡಿನ್‌ಬರೊದ ಗಣ್ಯರು ಸರಿಯಾದ ಇಂಗ್ಲಿಷ್ ಉಚ್ಚಾರಣೆ ಕಲಿಯಲು ಥಾಮಸ್ ಶೆರಿಡನ್ ಎಂಬ ಐರಿಶ್ ನಟನ ಉಪನ್ಯಾಸಕ್ಕೆ ಕೂತರು. ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳ ಅಂಗೈಗೆ ತೊಗಲಿನ ಪಟ್ಟಿಯ ಏಟು ಬೀಳುತ್ತಿತ್ತು. ಅಮ್ಮ ಕಲಿಸಿದ ಪದಕ್ಕೆ ಏಟು ತಿನ್ನುವ ಮಗುವಿನ ಮುಖ ನನ್ನ ಕಣ್ಣ ಮುಂದಿನಿಂದ ಸರಿಯುವುದಿಲ್ಲ.

ಆದರೂ ಮಾತು ಬಾಯಿ ಬಿಟ್ಟು ಹೋಗಲಿಲ್ಲ. 1786ರಲ್ಲಿ ರೈತನ ಮಗ ರಾಬರ್ಟ್ ಬರ್ನ್ಸ್ ಅದೇ ಭಾಷೆಯಲ್ಲಿ ಕವಿತೆ ಅಚ್ಚು ಹಾಕಿಸಿದ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ‘ನಿಮಗೆ ಸ್ಕಾಟ್ಸ್ ಬರುತ್ತದೆಯೇ’ ಎಂದು ಕೇಳಿದಾಗ, ಆಡಬಲ್ಲೆವು ಎಂದವರು 15 ಲಕ್ಷಕ್ಕೂ ಹೆಚ್ಚು. 2025ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಕಾನೂನು ಮಾಡಿ ಗೇಲಿಕ್ ಮತ್ತು ಸ್ಕಾಟ್ಸ್ ಎರಡಕ್ಕೂ ಅಧಿಕೃತ ಸ್ಥಾನ ಕೊಟ್ಟಿತು.

ನನ್ನ ಅಕ್ಕನ ಮಗಳು ಈಗ ‘ಹಲೋ’ ಅನ್ನುವುದನ್ನೇ ಬಿಟ್ಟಿದ್ದಾಳೆ. ಫೋನ್ ಎತ್ತಿದ ಕೂಡಲೇ, “ಚಿಕ್ಕಮ್ಮಾ, ಫೂಜ್ ಯೆರ್ ಡೂಜ್?” ಅನ್ನುತ್ತಾಳೆ. ನಿಮ್ಮ ಪಾರಿವಾಳಗಳು ಹೇಗಿವೆ? ಅಬರ್ಡೀನ್ ಸೀಮೆಯ ಹಳೆಯ ಕುಶಲಪ್ರಶ್ನೆ ಅದು. ಉತ್ತರವೂ ಹಳೆಯದೇ, ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ.

“ಆಯ್ ಪೆಕಿನ್, ಪುಟ್ಟಿ.” ಕಾಳು ಹೆಕ್ಕುತ್ತಲೇ ಇವೆ.