ಮೊದಲು ಬೋರ್ಡ್ ಯಾವುದು ಹೇಳಿ

ಬೆಂಗಳೂರಿನ ಪುರಭವನದಿಂದ ನಡೆದೇ ಹೋಗಬಹುದಾದ ದೂರದಲ್ಲಿ ಎಸ್‌.ಪಿ. ರಸ್ತೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಾನಿಟರ್ ಪೆಟ್ಟಿಗೆ ಹೊತ್ತ ಹುಡುಗರು ‘ಸೈಡ್, ಸೈಡ್’ ಎನ್ನುತ್ತ ಸ್ಕೂಟರ್‌ಗಳ ನಡುವೆ ನುಸುಳುತ್ತಾರೆ. ತಲೆಯ ಮೇಲೆ ವೈರುಗಳ ಜಾಲ, ಮೆಟ್ಟಿಲ ಪಕ್ಕ ಖಾಲಿ ಕ್ಯಾಬಿನೆಟ್‌ಗಳ ರಾಶಿ. ಇಬ್ಬರು ನಿಂತರೆ ತುಂಬಿಹೋಗುವ ಮಳಿಗೆಗಳಲ್ಲೂ ಗೋಡೆ ಪೂರ್ತಿ ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಎಸ್‌ಎಂಪಿಎಸ್.

ಅಂಥದ್ದೊಂದು ಮಳಿಗೆಯ ಕೌಂಟರಿನೆದುರು ತುಮಕೂರಿನಿಂದ ಬಂದ ತಂದೆ, ಮಗಳು ನಿಂತಿದ್ದಾರೆ. ಮಗಳು ಎಂಜಿನಿಯರಿಂಗ್ ವಿದ್ಯಾರ್ಥಿನಿ. ತ್ರೀಡಿ ವಿನ್ಯಾಸದ ತಂತ್ರಾಂಶ ತೆರೆದರೆ ಮನೆಯ ಡೆಸ್ಕ್‌ಟಾಪ್ ಏದುಸಿರು ಬಿಡುತ್ತದೆ.

‘ಒಂದು ಒಳ್ಳೆ ಪ್ರೊಸೆಸರ್ ಕೊಡಿ’ ಎಂದರು ತಂದೆ.

‘ಮೊದ್ಲು ಬೋರ್ಡ್ ಯಾವ್ದು ಹೇಳಿ ಸರ್.’

ಮಗಳು ಮೊಬೈಲ್ ಮುಂದೆ ಹಿಡಿದಳು. ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿ ತೆಗೆದ ಚಿತ್ರಗಳು: ಬೋರ್ಡಿನ ಮೇಲೆ ಅಚ್ಚಾದ ಹೆಸರು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ಲೇಬಲ್, ರ‍್ಯಾಮ್ ಕೂತಿರುವ ಸ್ಲಾಟ್. ಕೌಂಟರಿನಾತನ ಮುಖ ಅರಳಿತು.

‘ಬಿ450. ಎಎಂ4 ಸಾಕೆಟ್. ಹೊಸ ಬೋರ್ಡ್ ಬೇಡ್ವೇ ಬೇಡ ಸರ್.’

ಎಎಂಡಿ ಕಂಪನಿ 2016ರಲ್ಲಿ ತಂದ ಎಎಂ4 ಸಾಕೆಟ್ ರೈಜನ್ ಪ್ರೊಸೆಸರ್‌ಗಳ ಹಲವು ತಲೆಮಾರುಗಳನ್ನು ಹೊತ್ತಿದೆ. ಈಕೆಯ ಯಂತ್ರದಲ್ಲಿರುವ ರೈಜನ್ 5 2600 ತೆಗೆದು ಅದೇ ಜಾಗದಲ್ಲಿ 5600 ಕೂರಿಸಬಹುದು. ಆದರೆ ಬೋರ್ಡಿನ ಮೂಲ ತಂತ್ರಾಂಶವಾದ ಬಯೋಸ್ ಹೊಸ ಪ್ರೊಸೆಸರ್ ಅನ್ನು ಗುರುತಿಸಬೇಕು. ‘ಹಳೇದು ಕೂತಿರುವಾಗ್ಲೇ ಬಯೋಸ್ ಅಪ್‌ಡೇಟ್ ಮಾಡ್ಕೊಳಮ್ಮ, ಆಮೇಲೆ ಬಿಚ್ಚು. ನಡುವೆ ಕರೆಂಟ್ ಹೋಗ್ಬಾರ್ದು, ಯುಪಿಎಸ್‌ಗೆ ಹಾಕಿರು. ಹಳೆ ಗ್ರಾಫಿಕ್ಸ್ ಕಾರ್ಡ್ ತೆಗೀಬೇಡ, 5600 ಒಂದರಿಂದ್ಲೇ ಡಿಸ್‌ಪ್ಲೇ ಬರಲ್ಲ.’

ಪಕ್ಕದಲ್ಲಿದ್ದ ಡಿಟಿಪಿ ಅಂಗಡಿಯವರಿಗೆ ಇಷ್ಟು ಸಲೀಸಾದ ಉತ್ತರ ಸಿಗಲಿಲ್ಲ. ಅವರದು ಇಂಟೆಲ್‌ನ ಆರನೇ ತಲೆಮಾರಿನ ಯಂತ್ರ. ಎಂಟನೇ ತಲೆಮಾರಿನ ಪ್ರೊಸೆಸರ್ ಸೆಕೆಂಡ್ ಹ್ಯಾಂಡ್ ಕೊಂಡು ಹಾಕುವ ಆಸೆ. ಎರಡರ ಸಾಕೆಟ್ ಹೆಸರೂ ಎಲ್‌ಜಿಎ 1151. ಆದರೆ 2017ರಲ್ಲಿ ಬಂದ ಎಂಟನೇ ತಲೆಮಾರಿಗೆ 300 ಸರಣಿಯ ಚಿಪ್‌ಸೆಟ್ ಇರುವ ಬೋರ್ಡೇ ಆಗಬೇಕು. ಮೇಲಾಗಿ ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಆರನೇ ತಲೆಮಾರು ಇಲ್ಲ. ‘ಇದಕ್ಕೆ ಇನ್ನು ದುಡ್ಡು ಸುರೀಬೇಡಿ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಒಟ್ಟಿಗೆ ಬದಲಾಯಿಸೋಣ. ಎಸ್‌ಎಸ್‌ಡಿ, ಕ್ಯಾಬಿನೆಟ್ ಇದೇ ಸಾಕು’ ಎಂದು ಆತ ನೇರವಾಗಿ ಹೇಳಿದ.

ರ‍್ಯಾಮ್ ವಿಷಯ ಬಂದಾಗ ಆತ ಎರಡು ಪಟ್ಟಿಗಳನ್ನು ಗಾಜಿನ ಮೇಲೆ ಅಕ್ಕಪಕ್ಕ ಇಟ್ಟ. ಒಂದು ಡಿಡಿಆರ್4, ಇನ್ನೊಂದು ಡಿಡಿಆರ್5. ಉದ್ದ ಒಂದೇ, ಚಿನ್ನದ ಬಣ್ಣದ ಪಿನ್‌ಗಳೂ ಎರಡರಲ್ಲೂ 288. ಬೆರಳ ತುದಿಯಿಂದ ಅಂಚನ್ನು ಸವರಿದರೆ ಮಾತ್ರ ನಡುವಿನ ಕಚ್ಚು ತುಸು ಸರಿದಿರುವುದು ತಿಳಿಯುತ್ತದೆ. ಆ ಕಚ್ಚು ಬೇಕೆಂದೇ ಹಾಗಿದೆ. ಡಿಡಿಆರ್4 ನಡೆಯುವುದು 1.2 ವೋಲ್ಟ್‌ನಲ್ಲಿ, ಡಿಡಿಆರ್5 ನಡೆಯುವುದು 1.1ರಲ್ಲಿ. ಒಂದರ ಸ್ಲಾಟಿಗೆ ಇನ್ನೊಂದನ್ನು ಒತ್ತಿದರೆ ಮುರಿಯುವುದು ಬೋರ್ಡು. ಈಕೆಯ ಬೋರ್ಡಿಗೆ ಡಿಡಿಆರ್4. ಈಗಿರುವ ಎಂಟು ಜಿಬಿಯ ಜೊತೆಗೆ ಅಂಥದ್ದೇ ಇನ್ನೊಂದನ್ನು ಸೇರಿಸಿದರೆ ಬೋರ್ಡಿನ ಎರಡು ಮೆಮೊರಿ ಚಾನೆಲ್‌ಗಳೂ ಕೆಲಸಕ್ಕೆ ಇಳಿಯುತ್ತವೆ.

‘ದೊಡ್ಡ ಗ್ರಾಫಿಕ್ಸ್ ಕಾರ್ಡ್?’ ಎಂದಳು ಹುಡುಗಿ. ಆತ ಎಸ್‌ಎಂಪಿಎಸ್ ಲೇಬಲ್ ಹಿಗ್ಗಿಸಿ ನೋಡಿ ತಲೆಯಾಡಿಸಿದ. ಕಾರ್ಡಿಗೆ ಬೋರ್ಡಿನ ಸ್ಲಾಟ್‌ನಿಂದ ಸಿಗುವುದು 75 ವ್ಯಾಟ್. ಆರು ಪಿನ್ನಿನ ಕೇಬಲ್ ಇನ್ನೊಂದು 75 ಕೊಡುತ್ತದೆ, ಎಂಟು ಪಿನ್ನಿನದು 150. ಇವರ ಎಸ್‌ಎಂಪಿಎಸ್‌ನಲ್ಲಿ ಎರಡು ಕೇಬಲ್‌ಗಳೂ ಇಲ್ಲ. ‘ಮುಂದಿನ ವರ್ಷ ತಗೊಳಮ್ಮ, ಆಗ ಎಸ್‌ಎಂಪಿಎಸ್ಸೂ ಹೊಸದು ಹಾಕೋಣ. ಬರುವಾಗ ಕ್ಯಾಬಿನೆಟ್ ಒಳಗಿನ ಉದ್ದ ಟೇಪಲ್ಲಿ ಅಳೆದು ಬಾ, ಕಾರ್ಡ್ ಹಿಡೀಬೇಕಲ್ಲ.’

ಬಿಲ್ಲಿನಲ್ಲಿ ಎರಡೇ ಸಾಲು: ಪ್ರೊಸೆಸರ್, ರ‍್ಯಾಮ್. ಇಡೀ ಕಂಪ್ಯೂಟರನ್ನೇ ಹೊಸದಾಗಿ ಕೊಳ್ಳಬೇಕಾದೀತೆಂದು ಹಣ ಹೊಂದಿಸಿಕೊಂಡು ಬಂದಿದ್ದ ತಂದೆಯ ಜೇಬಿನಲ್ಲಿ ಬಹುಪಾಲು ಹಾಗೇ ಉಳಿಯಿತು. ಉಳಿಸಿದ್ದು ಮಗಳು ಮನೆಯಲ್ಲೇ ತೆಗೆದ ಆ ಚಿತ್ರಗಳು.

ಬೋರ್ಡ್ ಯಾವುದೆಂದು ತಿಳಿಯಲು ಪರಿಣತಿ ಬೇಕಿಲ್ಲ. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ಬೋರ್ಡಿನ ಹೆಸರು ಸಿಗುತ್ತದೆ. ಉಚಿತವಾಗಿ ಸಿಗುವ ಸಿಪಿಯು-ಝಡ್ ಕೂಡ ತೋರಿಸುತ್ತದೆ. ಬೋರ್ಡ್ ತಯಾರಕರ ಜಾಲತಾಣದಲ್ಲಿ ಯಾವ ಪ್ರೊಸೆಸರ್‌ಗೆ ಯಾವ ಬಯೋಸ್ ಆವೃತ್ತಿ ಬೇಕೆಂಬ ಪಟ್ಟಿಯೇ ಇರುತ್ತದೆ. ಈಗ ಬೇಕಾದದ್ದು ಯಾವುದು, ಮುಂದಿನ ವರ್ಷಕ್ಕೆ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಬೋರ್ಡಿನ ಹೆಸರು ಗೊತ್ತಿಲ್ಲದೆ ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ. ಇನ್ನೇನು ಕೂರುತ್ತದೆ ಎಂದು ವಿಚಾರಿಸದೆ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕಬೇಡಿ.