ಪರಮಾಣು ಭದ್ರತೆ ಮತ್ತು ನಮ್ಮ ಮನಸ್ಸಾಕ್ಷಿ

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಮಕ್ಕಳ ಮುಂದಿನ ಓದಿನ ಮಾತು ಬಂದಾಗ ಶಿಕ್ಷಕ ವೃತ್ತಿ, ದಾದಿಯರ ತರಬೇತಿ, ಇಂಜಿನಿಯರಿಂಗ್ ಎಂಬ ಕೆಲವೇ ಹೆಸರುಗಳು ಕೇಳಿಬರುತ್ತವೆ. ಪರಮಾಣು ಭದ್ರತೆಯ ಅಧ್ಯಯನಕ್ಕೂ ಅದರ ನೈತಿಕ ವಿವೇಚನೆಗೂ ಸಂಶೋಧನಾ ವೇತನ ದೊರೆಯುತ್ತದೆಂದರೆ ಹಲವರು ಅಚ್ಚರಿಪಡಬಹುದು. ಅಣುಶಕ್ತಿ ವಿಜ್ಞಾನಿಗಳಿಗೆ ಸೇರಿದ್ದು, ಕಾವಲು ಪೊಲೀಸರಿಗೆ ಸೇರಿದ್ದು. ಇದರಲ್ಲಿ ನಮಗೇನು ಕೆಲಸ ಎಂಬ ಪ್ರಶ್ನೆ ಸಹಜವೇ. ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಮುಂಡಗೋಡ, ಯಲ್ಲಾಪುರಗಳನ್ನು ದಾಟಿ ಘಟ್ಟ ಇಳಿದರೆ ಕಾಳಿ ನದಿಯ ದಡದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವಿದೆ.

ಈ ಸ್ಥಾವರವನ್ನು ವಿರೋಧಿಸಿ ಡಾ. ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು. 2000ದಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. 2011ರ ವೇಳೆಗೆ ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳು ಸಿದ್ಧವಾದವು. ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಡೆದು ವಿಶ್ವದಾಖಲೆ ಸ್ಥಾಪಿಸಿತು. ತಲಾ 700 ಮೆಗಾವಾಟ್‌ನ ಇನ್ನೆರಡು ಘಟಕಗಳಿಗೆ ಕೇಂದ್ರ ಸರ್ಕಾರ 2017ರಲ್ಲಿ ಒಪ್ಪಿಗೆ ನೀಡಿತು.

ಆದರೆ 2009ರ ನವೆಂಬರಿನಲ್ಲಿ ಅಲ್ಲಿ ನಡೆದುದನ್ನು ನಾವು ಮರೆಯುವಂತಿಲ್ಲ. ಐವತ್ತಕ್ಕೂ ಹೆಚ್ಚು ಸಿಬ್ಬಂದಿಯ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಸಾಮಾನ್ಯಕ್ಕಿಂತ ಹೆಚ್ಚಾಗಿ ಕಂಡುಬಂದಿತು. ಅವರು ಕುಡಿಯುತ್ತಿದ್ದ ನೀರಿನ ಕೂಲರಿನಲ್ಲಿ ಟ್ರಿಟಿಯಂ ಉಳ್ಳ ಭಾರಜಲ ಬೆರೆತಿತ್ತು. ಯಂತ್ರ ಕೆಟ್ಟಿರಲಿಲ್ಲ, ಕೊಳವೆ ಸೋರಿರಲಿಲ್ಲ. ಒಳಗಿನವರೇ ಯಾರೋ ಬೇಕೆಂದು ಮಾಡಿದ ಕೃತ್ಯವಿದು ಎಂದು ಅಧಿಕಾರಿಗಳು ಹೇಳಿದರು. ಯಂತ್ರದ ದೋಷದಿಂದ ಜನರನ್ನು ಕಾಪಾಡುವುದು ಸುರಕ್ಷತೆ. ಮನುಷ್ಯನ ದುರುದ್ದೇಶದಿಂದ ಕಾಪಾಡುವುದು ಭದ್ರತೆ. ಎತ್ತರದ ಗೋಡೆ ಹೊರಗಿನ ಕಳ್ಳನನ್ನು ತಡೆದೀತು. ಒಳಗಿನವನ ಮನಸ್ಸನ್ನು ತಡೆಯುವುದೆಂತು?

ನೀತಿಯ ಅಧ್ಯಯನ ಆರಂಭವಾಗುವುದು ಇಲ್ಲಿಯೇ. ಪ್ರಾಮಾಣಿಕ ನೌಕರನ ಗೌರವಕ್ಕೆ ಕುಂದು ಬಾರದಂತೆ ಅವನ ಮೇಲೆ ಎಷ್ಟು ಕಣ್ಗಾವಲಿಡಬಹುದು? ತಪ್ಪನ್ನು ಕಂಡು ಹೇಳಿದವನನ್ನು ಕಾಯುವವರಾರು? ಭದ್ರತೆಯ ಹೆಸರಿನಲ್ಲಿ ಸುತ್ತಲಿನ ಹಳ್ಳಿಗರಿಂದ ಎಷ್ಟನ್ನು ಮುಚ್ಚಿಡಬಹುದು? ಇಂಥ ಪ್ರಶ್ನೆಗಳಿಗೆ ಭೌತಶಾಸ್ತ್ರವೊಂದೇ ಉತ್ತರ ಕೊಡಲಾರದು. ಅಮೆರಿಕದ ಸ್ಟ್ಯಾಂಟನ್ ಪ್ರತಿಷ್ಠಾನವು ಹಾರ್ವರ್ಡ್ ಮೊದಲಾದ ಸಂಸ್ಥೆಗಳಲ್ಲಿ ಪರಮಾಣು ಭದ್ರತೆಯ ಸಂಶೋಧಕರಿಗೆ ವೇತನ ನೀಡುತ್ತ ಬಂದಿದೆ. ನಮ್ಮ ಬೆಂಗಳೂರಿನಲ್ಲಿಯೇ ಜೆ.ಆರ್.ಡಿ. ಟಾಟಾ ಅವರು 1988ರಲ್ಲಿ ಕಟ್ಟಿದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ವಿಜ್ಞಾನ ಬಲ್ಲವರೂ ತತ್ತ್ವಶಾಸ್ತ್ರ, ಸಮಾಜಶಾಸ್ತ್ರ ಬಲ್ಲವರೂ ಒಂದೇ ಸೂರಿನಡಿ ಕುಳಿತು ಚಿಂತಿಸಬೇಕೆಂಬುದು ಅದರ ಉದ್ದೇಶ. ಅದರ ಮೊದಲ ನಿರ್ದೇಶಕರು, 1974ರ ಪೋಖರಣ್ ಪರೀಕ್ಷೆಯ ಮುಂದಾಳು, ತುಮಕೂರಿನಲ್ಲಿ ಜನಿಸಿದ ಡಾ. ರಾಜಾ ರಾಮಣ್ಣ. 2012ರ ಅಕ್ಟೋಬರಿನಲ್ಲಿ ಭಾರತ, ಅಮೆರಿಕಗಳ ತಜ್ಞರು ಪರಮಾಣು ವಸ್ತುಗಳ ಭದ್ರತೆಯನ್ನು ಕುರಿತು ಚರ್ಚಿಸಿದ್ದು ಈ ಸಂಸ್ಥೆಯ ಸಹಯೋಗದಲ್ಲಿಯೇ. ಡಾಕ್ಟರೇಟ್ ಸಂಶೋಧನೆಗೂ ಅಲ್ಲಿ ಅವಕಾಶವುಂಟು.

ಕಥೋಲಿಕರಾದ ನಮಗೆ ಈ ವಿಷಯ ಹೊಸದೇನಲ್ಲ. 1945ರ ಆಗಸ್ಟ್ 9ರಂದು ನಾಗಸಾಕಿಯ ಉರಾಕಾಮಿ ಪ್ರಧಾನಾಲಯದಲ್ಲಿ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬಕ್ಕಾಗಿ ಭಕ್ತರು ಪಾಪನಿವೇದನೆ ಮಾಡುತ್ತಿದ್ದ ವೇಳೆಯಲ್ಲಿ ಅಣುಬಾಂಬು ಸಿಡಿಯಿತು. ಆ ಪ್ರದೇಶದ ಸುಮಾರು 12,000 ಕಥೋಲಿಕರಲ್ಲಿ ಸುಮಾರು 8,500 ಮಂದಿ ಮಡಿದರು. ವಿಶ್ವಗುರು ಇಪ್ಪತ್ತಮೂರನೆಯ ಜಾನ್‌ರವರು 1963ರ ಏಪ್ರಿಲ್ 11ರ ವಿಶ್ವಪತ್ರದಲ್ಲಿ ಅಣ್ವಸ್ತ್ರ ನಿಷೇಧಕ್ಕೆ ಕರೆಯಿತ್ತರು. ದಿವಂಗತ ವಿಶ್ವಗುರು ಫ್ರಾನ್ಸಿಸ್‌ರವರು 2019ರ ನವೆಂಬರ್ 24ರಂದು ಹಿರೋಷಿಮಾದಲ್ಲಿ, ಅಣ್ವಸ್ತ್ರದ ಬಳಕೆ ಮಾತ್ರವಲ್ಲ, ಅದನ್ನು ಇರಿಸಿಕೊಳ್ಳುವುದೂ ಅನೈತಿಕವೆಂದು ಸಾರಿದರು. ಆದರೆ ಅಣುವಿನ ಶಾಂತಿಯುತ ಬಳಕೆಯನ್ನು ಧರ್ಮಸಭೆ ತಳ್ಳಿಹಾಕಿಲ್ಲ. 1957ರಲ್ಲಿ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಹುಟ್ಟಿದಾಗ ಪವಿತ್ರ ಪೀಠವೂ ಅದರ ಸ್ಥಾಪಕ ಸದಸ್ಯನಾಗಿತ್ತು.

ಇಲ್ಲಿ ನಾವು ಇಕ್ಕಟ್ಟನ್ನು ಮರೆಮಾಚಬಾರದು. ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಪವಿತ್ರ ಪೀಠವು 2017ರಲ್ಲಿಯೇ ಸಹಿ ಹಾಕಿತು. ನಮ್ಮ ದೇಶ ಅದನ್ನು ಸೇರಿಲ್ಲ. ತಾನೇ ಮೊದಲು ಅಣ್ವಸ್ತ್ರ ಬಳಸುವುದಿಲ್ಲವೆಂಬ ನೀತಿಯನ್ನು ಭಾರತ ಘೋಷಿಸಿದೆ, ನೆರೆಯಲ್ಲಿಯೂ ಅಣ್ವಸ್ತ್ರಗಳಿವೆ. ದೇಶಪ್ರೇಮವನ್ನೂ ಧರ್ಮಸಭೆಯ ಬೋಧನೆಯನ್ನೂ ಒಟ್ಟಿಗೆ ಹೊತ್ತ ವಿಶ್ವಾಸಿ ಏನು ಮಾಡಬೇಕು? ಘೋಷಣೆ ಕೂಗಿ ಈ ಭಾರ ಇಳಿಸಿಕೊಳ್ಳಲಾಗದು. ಓದಿ, ಅಳೆದು, ಪ್ರಾರ್ಥಿಸಿ ನಿರ್ಣಯಿಸಬೇಕು. ಹಾಗೆ ಚಿಂತಿಸಬಲ್ಲವರನ್ನು ಬೆಳೆಸುವುದೂ ಸಮುದಾಯದ ಸೇವೆಯೇ.

ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ದಂಡನಾಯಕರಾಗಿದ್ದು ಆಯುಧ ಕೆಳಗಿಟ್ಟರೆಂದು ನಮ್ಮ ನಾಡು ನೆನೆಯುತ್ತದೆ. ಶಕ್ತಿಯನ್ನು ಕೈಯಲ್ಲಿ ಹಿಡಿದವನಿಗೆ ವಿವೇಕ ಬೇಕೆಂಬುದು ಈ ಮಣ್ಣಿಗೆ ಅಪರಿಚಿತವಲ್ಲ. ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ: ಇತಿಹಾಸವನ್ನೋ ತತ್ತ್ವಶಾಸ್ತ್ರವನ್ನೋ ಓದುವೆನೆಂಬ ಮಗಳನ್ನು, ಮಗನನ್ನು ಹೊಟ್ಟೆಪಾಡಿನ ಭಯದಿಂದ ತಡೆಯದಿರಿ. ಗುರುಗಳಲ್ಲಿಯೂ ಯುವಸಂಘಗಳಲ್ಲಿಯೂ ನಮ್ಮ ಕೋರಿಕೆ: ಆಗಸ್ಟ್ 9ರಂದು ನಾಗಸಾಕಿಯ ಮೃತರಿಗಾಗಿ ಬಲಿಪೂಜೆಯಲ್ಲಿ ಪ್ರಾರ್ಥಿಸಿ, ಬಳಿಕ ಒಂದು ಗಂಟೆ ಈ ಪ್ರಶ್ನೆಗಳನ್ನು ಚರ್ಚಿಸಿರಿ. ನಂಬಿ ಕುಡಿದ ಒಂದು ಲೋಟ ನೀರು ವಿಷವಾಗದಂತೆ ಕಾಯುವ ಮನಸ್ಸಾಕ್ಷಿ ಮೊದಲು ರೂಪುಗೊಳ್ಳುವುದು ನಮ್ಮ ಮನೆಗಳಲ್ಲಿಯೇ.